ಖಾಲಿ ಬುಟ್ಟಿ

ಅಂಕೋಲಾದ ಹೆದ್ದಾರಿ ಬದಿಯ ಥೀಮ್ ಪಾರ್ಕಿನ ವೇದಿಕೆಯಲ್ಲಿ ನಾನು ಎಂಟು ವರ್ಷಗಳಿಂದ ಜನರನ್ನು ನಗಿಸುತ್ತಿದ್ದೇನೆ. ಮೀನು ಮಾರುವವಳ ಪಾತ್ರವೇ ನನ್ನ ಅನ್ನ. ಅದನ್ನು ಯಾರೂ ನನಗೆ ಕಲಿಸಿಕೊಡಲಿಲ್ಲ. ಕಾರವಾರದ ಮಾರ್ಕೆಟ್ಟಿನಲ್ಲಿ ಅಮ್ಮ ಬಂಗಡೆಯ ಕಿವಿರು ಎತ್ತಿ ತೋರಿಸುತ್ತ, ಚೌಕಾಸಿಗೆ ಬಂದವರ ಬಾಯಿ ಮುಚ್ಚಿಸುವುದನ್ನು ನೋಡುತ್ತ ಬೆಳೆದವಳು ನಾನು.

ಕಳೆದ ವರ್ಷ ಹೊಸ ಮ್ಯಾನೇಜರ್ ಬಂದರು. ಮೊದಲ ದಿನವೇ ನನ್ನನ್ನು ಕರೆದು, "ಆ ಮೀನಿನ ಬುಟ್ಟಿ ಬೇಡ ಮೇಡಂ. ಒಳ್ಳೊಳ್ಳೆ ಮನೆತನದವರು ಬರ್ತಾರೆ, ಅವರಿಗೆ ವಾಸನೆ ಆಗೋದಿಲ್ಲ" ಎಂದರು. ಮರುದಿನದ ಆಟಕ್ಕೆ ಬುಟ್ಟಿ ಹೊತ್ತುಕೊಂಡೇ ವೇದಿಕೆ ಹತ್ತಿದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಮ್ಯಾನೇಜರ್ ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡರು. ಅವರನ್ನು ನೋಡಿ ಅಕ್ಕಪಕ್ಕದ ನಾಲ್ಕೈದು ಮಂದಿಯೂ ಮುಚ್ಚಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ವೇದಿಕೆಯಿಂದ ಇಳಿದು ಹೋಗಿ, ಬುಟ್ಟಿಯನ್ನು ಅವರ ಮುಂದೆಯೇ ಬೋರಲು ಹಾಕಿದೆ. ಏನೂ ಬೀಳಲಿಲ್ಲ.

"ನಿನ್ನೆ ಅಂಕೋಲಾ ಪೇಟೇಲಿ ತಂದ ಹೊಸ ಬುಟ್ಟಿ ಸರ್ ಇದು. ಇದ್ರೊಳಗೆ ಇನ್ನೂ ಒಂದು ಬಂಗಡೆನೂ ಬಿದ್ದಿಲ್ಲ. ನಿಮಗೆ ವಾಸನೆ ಎಲ್ಲಿಂದ ಬಂತು?"

ಹಿಂದಿನ ಸಾಲುಗಳಿಂದ ಎದ್ದ ನಗು ಮುಂದಿನ ಸಾಲಿನವರೆಗೂ ಬಂತು. ಕರ್ಚೀಫು ಮಾತ್ರ ನಿಧಾನವಾಗಿ ಕೆಳಗಿಳಿಯಿತು.

ಅಂದಿನಿಂದ ಅದೇ ನನ್ನ ಆಟದ ಮೊದಲ ದೃಶ್ಯ. ಬುಟ್ಟಿ ಇವತ್ತಿಗೂ ಮೀನು ಕಂಡಿಲ್ಲ. ಮೂಗು ಮುಚ್ಚಿಕೊಳ್ಳುವವರು ಮಾತ್ರ ಒಂದು ಆಟಕ್ಕೂ ತಪ್ಪಿಲ್ಲ.