ಎಲ್ಲಿ ಇಳೀತೀರಿ ಎಂಬ ಒಂದೇ ಪ್ರಶ್ನೆ

ಕಪಾಟಿನ ಮೇಲಿನ ಖಾನೆಯನ್ನು ಖಾಲಿ ಮಾಡಿ ಒರೆಸುವುದೆಂದರೆ ನಮ್ಮ ಡೊಂಬಿವಲಿಯ ಮನೆಯಲ್ಲಿ ಅರ್ಧ ದಿನದ ಕೆಲಸ. ಅದರಲ್ಲಿ ಒರೆಸುವುದು ಹತ್ತು ನಿಮಿಷ, ಉಳಿದ ಹೊತ್ತೆಲ್ಲ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂರುವುದು. ಕಳೆದ ಭಾನುವಾರ ಹಾಗೆ ಸಿಕ್ಕಿದ್ದು ನನ್ನ ಹಳೆಯ ಫೋನು. ಗಾಜಿನ ಒಂದು ಮೂಲೆ ಒಡೆದಿತ್ತು, ಹಿಂಬದಿಯ ಮುಚ್ಚಳ ಬೀಳದಂತೆ ಸೆಲ್ಲೋಟೇಪು ಸುತ್ತಿತ್ತು. ಸುಮ್ಮನೆ ಚಾರ್ಜಿಗೆ ಹಾಕಿದರೆ ಜೀವ ಬಂದೇಬಿಟ್ಟಿತು. ಅದರೊಳಗೆ ನಾನು ಎಷ್ಟೋ ವರ್ಷದ ಹಿಂದೆ ಬರೆದ ಲೋಕಲ್ ರೈಲಿನ ಆಟವೂ ಹಾಗೇ ಇತ್ತು. ತೆರೆದೆ. ಲೇಡೀಸ್ ಡಬ್ಬಿ ಬಂತು, ಕಿಟಕಿ ಬಂತು, ಸೀಟುಗಳು ಬಂದವು. ಮೀನಿನ ಬುಟ್ಟಿಯವಳು ಮಾತ್ರ ಸೀಟಿನಲ್ಲಿರಲಿಲ್ಲ. ಹುಡುಕಿದರೆ ಮೇಲೆ, ತಿರುಗುವ ಫ್ಯಾನಿನೊಳಗೆ, ಬುಟ್ಟಿಸಮೇತ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು.

ನಾನು ಒಬ್ಬಳೇ ಜೋರಾಗಿ ನಕ್ಕೆ. ಅವಳನ್ನು ಅಲ್ಲಿ ಕೂರಿಸಿದವಳು ನಾನೇ. ಆಗ ಮಾತ್ರ ನಗು ಬಂದಿರಲಿಲ್ಲ, ಅಳು ಬಂದಿತ್ತು.

ಆಗ ನಾನು ಮೈಸೂರಿನಿಂದ ಹೊಸದಾಗಿ ಬಂದವಳು. ಠಾಣೆಯಲ್ಲಿ ಇಳಿದು ರೈಲು ಬದಲಿಸಿ ಹೋಗಬೇಕಾದ ರಬಾಳೆಯ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ಆಟಗಳನ್ನು ಬರೆಯುವ ಕೆಲಸ. ಈ ಮಾತನ್ನು ಮೈಸೂರಿನ ನೆಂಟರಿಗೆ ಹೇಳುವುದೇ ಒಂದು ಕಷ್ಟವಾಗಿತ್ತು. 'ಅವಳು ಆಫೀಸಿನಲ್ಲಿ ಆಟ ಆಡ್ತಾಳಂತೆ' ಎಂದು ನನ್ನ ಸೋದರತ್ತೆ ಮದುವೆಮನೆಯಲ್ಲಿ ಸಾರಿಬಿಟ್ಟಿದ್ದರು. ಹನ್ನೊಂದು ಜನರ ಆ ಕಂಪನಿಯಲ್ಲಿ ಹತ್ತು ಜನ ಲೂಡೋ ಮತ್ತು ಇಸ್ಪೀಟಿನ ಆಟಗಳನ್ನು ನೋಡಿಕೊಳ್ಳುತ್ತಿದ್ದರು. ನಾನೊಬ್ಬಳು ಹಟ ಹಿಡಿದು, ಡೊಂಬಿವಲಿಯಲ್ಲಿ ರೈಲು ಹತ್ತಿ ಠಾಣೆ ಬರುವುದರೊಳಗೆ ಸೀಟು ಹಿಡಿಯುವ ಆಟವೊಂದನ್ನು ಶುರುಮಾಡಿಸಿಕೊಂಡಿದ್ದೆ. ನಾನು ದಿನಾ ಬೆಳಿಗ್ಗೆ ಸೋಲುತ್ತಿದ್ದ ಆಟವೇ ಅದು.

ಅದನ್ನು ಬರೆದ ರೀತಿಯನ್ನು ನಿಮಗೆ ಹೇಳಲೇಬೇಕು. ಕೋಡ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನನಗೂ ಆಗ ಅಷ್ಟೇನೂ ಗೊತ್ತಿರಲಿಲ್ಲ. ಇಡೀ ಆಟ ಒಂದೇ ಫೈಲಿನಲ್ಲಿತ್ತು. ಮೊದಲು ಬಂದವಳು ಬಟಾಣಿ ಸುಲಿಯುವ ಹೆಂಗಸು. ಆಮೇಲೆ ಓಲೆ, ಕ್ಲಿಪ್ಪು ಮಾರುವವಳು ಬಂದಳು. ಬಟಾಣಿಯವಳ ಹತ್ತಿರ ಹೇಗೆ ನಡೆದುಕೊಳ್ಳಬೇಕೆಂದು ಕ್ಲಿಪ್ಪಿನವಳಿಗೆ ಬರೆದೆ, ಕ್ಲಿಪ್ಪಿನವಳು ಬಂದರೆ ಏನು ಮಾಡಬೇಕೆಂದು ಬಟಾಣಿಯವಳಿಗೆ ಬರೆದೆ. ಮೂರನೆಯದಾಗಿ ಭಜನೆಯ ಗುಂಪು ಬಂದಾಗ ಅದನ್ನು ಇಬ್ಬರಿಗೂ ಪರಿಚಯ ಮಾಡಿಸಿದೆ. ಎಂಟನೆಯವರು ಬರುವ ಹೊತ್ತಿಗೆ ಏಳು ಕಡೆ ಹೋಗಿ ಹೇಳಿಬರಬೇಕಾಗಿತ್ತು, ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದು ಬಂದ ಹಾಗೆ. ಒಬ್ಬರನ್ನು ಮರೆತರೂ ರಾದ್ಧಾಂತ. ಟಿಕೆಟ್ ಚೆಕ್ ಮಾಡುವವರು ಬಟಾಣಿಗೆ ದಂಡ ಹಾಕುತ್ತಿದ್ದರು, ಭಜನೆಯವರು ಬಾಗಿಲಿನಿಂದಾಚೆ ಗಾಳಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟಾದರೂ ನನಗೆ ಒಳಗೊಳಗೇ ಹೆಮ್ಮೆ. ಆ ಫೈಲನ್ನು ನಾನಲ್ಲದೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನಿಲ್ಲದಿದ್ದರೆ ಈ ರೈಲು ಹೊರಡುವುದೇ ಇಲ್ಲ ಎಂದುಕೊಂಡು ಬೀಗುತ್ತಿದ್ದೆ.

ಮೀನಿನ ಬುಟ್ಟಿಯವಳು ಒಂಬತ್ತನೆಯವಳು. ಕಂಪನಿಯ ಎಲ್ಲ ಆಟಗಳನ್ನೂ ಪರೀಕ್ಷಿಸುವ ಕೆಲಸ ಹುಬ್ಬಳ್ಳಿ ಕಡೆಯ ಬಸವರಾಜನದು. ಅವನು ಫೋನು ಹಿಡಿದುಕೊಂಡು ನನ್ನ ಮೇಜಿಗೆ ಬಂದ.

"ಅಕ್ಕಾರ, ಮೀನಿನಾಕಿ ಫ್ಯಾನಿನ್ಯಾಗ ಕುಂತಾಳ್ರೀ. ಇಳಸ್ರೀ ಪಾಪ, ಆಕಿಗೆ ತಲಿ ತಿರಗತೈತಿ."

ಇಳಿಸಿದೆ. ಕ್ಲಿಪ್ಪಿನವಳು ಮಾಯವಾದಳು. ಅವಳನ್ನು ಹುಡುಕಿ ತಂದೆ, ಮೀನಿನವಳು ಮತ್ತೆ ಫ್ಯಾನಿಗೆ ಹೋದಳು. ಹೀಗೆ ಒಂದು ತಿಂಗಳು ನಡೆಯಿತು. ಕೊನೆಗೆ ನಮ್ಮ ಸರ್ ನನ್ನನ್ನು ಕರೆದರು. ಡೊಂಬಿವಲಿ ಪಕ್ಕದ ಕಲ್ಯಾಣದ ಮನುಷ್ಯ, ಕೂಗಾಡುವವರಲ್ಲ, ಅದಕ್ಕೇ ಹೆದರಿಕೆ ಹೆಚ್ಚು.

"ದೇಖೋ, ಗಣಪತಿ ತಕ್ ಯೇ ಔರತ್ ಸೀಟ್ ಪೇ ಬೈಠನಾ ಚಾಹಿಯೇ. ನಹೀ ತೋ ಟ್ರೇನ್ ಬಂದ್. ತುಮ್ ಲೂಡೋ ಮೇ."

ಹಬ್ಬಕ್ಕೆ ಇನ್ನು ಮೂರು ವಾರ ಮಾತ್ರ. ಅಷ್ಟರಲ್ಲಿ ಅವಳು ಕೂರದಿದ್ದರೆ ನನ್ನ ಆಟ ಮುಚ್ಚಿಹೋಗುತ್ತದೆ, ನಾನು ಉಳಿದ ಆಯುಷ್ಯವೆಲ್ಲ ದಾಳ ಉರುಳಿಸುತ್ತ ಇರಬೇಕಾಗುತ್ತದೆ. ಆ ದಿನ ಊಟ ಸೇರಲಿಲ್ಲ. ಒಂದು ವರ್ಷ ಸಾಕಿದ ಆಟವದು.

ಇಲ್ಲಿ ವಸಂತಕ್ಕನ ವಿಷಯ ಬರಬೇಕು. ಪುತ್ತೂರಿನ ಕಡೆಯವರು, ಮದುವೆಯಾಗಿ ಡೊಂಬಿವಲಿಗೆ ಬಂದು ಮೂವತ್ತು ವರ್ಷವಾಗಿತ್ತು. ಠಾಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ತುಳು, ರೈಲಿನಲ್ಲಿ ಮರಾಠಿ, ಸೂಜಿ ಚುಚ್ಚುವಾಗ ಹಿಂದಿ, ನನ್ನ ಹತ್ತಿರ ಕನ್ನಡ. ಅವರ ಪರಿಚಯವಾದದ್ದು ನಾನು ಬೈಸಿಕೊಂಡು.

ನಾನು ಬಂದ ಮೊದಲ ವಾರದ ಸಂಗತಿ. ಡೊಂಬಿವಲಿಯಿಂದಲೇ ಹೊರಡುವ ಲೋಕಲಿನಲ್ಲಿ ನನಗೆ ಅದೃಷ್ಟಕ್ಕೆ ಸೀಟು ಸಿಕ್ಕಿತ್ತು. ನಿಂತಿದ್ದ ಹೆಂಗಸೊಬ್ಬಳು ಬಗ್ಗಿ "ಕುಠೇ ಉತರಣಾರ?" ಎಂದಳು. ಎಲ್ಲಿ ಇಳಿಯುತ್ತೀ ಎಂದು. ಅಪರಿಚಿತರಿಗೆ ಎಲ್ಲಿ ಇಳಿಯುತ್ತೀಯೆಂದು ಹೇಳಬೇಡ ಎಂದು ಅಮ್ಮ ಮೈಸೂರು ಸ್ಟೇಷನ್ನಿನಲ್ಲಿ ಮೂರು ಸಲ ಹೇಳಿ ಕಳಿಸಿದ್ದರು. ನಾನು ಇಳಿಯಬೇಕಾದದ್ದು ಠಾಣೆಯಲ್ಲಿ, ಜಾಣೆಯಂತೆ ಇನ್ನೂ ಎಷ್ಟೋ ದೂರದ "ದಾದರ್" ಎಂದೆ. ಆಕೆ ಮುಖ ಸಣ್ಣ ಮಾಡಿಕೊಂಡು ಬೇರೆ ಕಡೆ ಹೋದಳು. ಇನ್ನಿಬ್ಬರು ಕೇಳಿದರು, ಅವರಿಗೂ ದಾದರ್. ಆಮೇಲೆ ಠಾಣೆ ಬಂತು, ನಾನು ಎದ್ದೆ. ಆ ಸೀಟು ಯಾರಿಗೆಂದು ಯಾರಿಗೂ ಗೊತ್ತಿಲ್ಲ. ಮೂವರು ಒಟ್ಟಿಗೇ ಅದರ ಮೇಲೆ ಬಿದ್ದರು. ಒಬ್ಬಳ ಊಟದ ಡಬ್ಬಿಯ ಮುಚ್ಚಳ ಹಾರಿ ಮೊಳಕೆಕಾಳಿನ ಪಲ್ಯ ಇನ್ನೊಬ್ಬಳ ಇಸ್ತ್ರಿ ಸೀರೆಗೆ ಅಭಿಷೇಕವಾಯಿತು. ಮೂವರೂ ತಿರುಗಿ ನನ್ನನ್ನು ನೋಡಿದರು. ನಾನು ಇಳಿದು ಓಡಿದೆ.

ಪ್ಲಾಟ್‌ಫಾರ್ಮಿನ ಮೇಲೆ ಹಿಂದಿನಿಂದ ಒಂದು ಕೈ ನನ್ನ ಚೀಲ ಹಿಡಿದೆಳೆಯಿತು. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಕನ್ನಡ ಮಾತಾಡುತ್ತಿದ್ದದ್ದನ್ನು ಅವರು ಮೊದಲೇ ಕೇಳಿಸಿಕೊಂಡಿದ್ದರು.

"ಎಂತ ಮಾರಾಯ್ತಿ ನೀನು! ದಾದರ್ ಹೇಳಿ ಠಾಣೆಯಲ್ಲಿ ಎದ್ದು ಬರುದಾ?"

"ಗೊತ್ತಿಲ್ಲದವ್ರಿಗೆ ನಾನ್ಯಾಕೆ ಹೇಳ್ಬೇಕು ಆಂಟಿ?"

"ಆಂಟಿ ಅಲ್ಲ, ವಸಂತಕ್ಕ. ಇಲ್ಲಿ ನಿನ್ನ ಹೆಸರು ಯಾರಿಗೆ ಬೇಕು? ಊರು ಯಾರಿಗೆ ಬೇಕು? ಎಲ್ಲಿ ಇಳಿಯುದು ಅಂತ ಅದೊಂದು ಸರಿಯಾಗಿ ಹೇಳಿದ್ರೆ ಆಯ್ತು. ಬಾಕಿ ಸಂಸಾರ ಎಲ್ಲ ನಿನ್ನ ಚೀಲದೊಳಗೇ ಇರ್ಲಿ."

ಮರುದಿನದಿಂದ ನಾನು ಲೇಡೀಸ್ ಡಬ್ಬಿಯ ಶಿಸ್ತನ್ನು ಕಲಿತೆ. ಕೂತವರನ್ನು ಕೇಳು, ಅವರು ಇಳಿಯುವ ಊರು ಹೇಳುತ್ತಾರೆ. ಆ ಸೀಟು ಇನ್ನು ನಿನ್ನದು. ನಿನ್ನನ್ನು ಇನ್ನೊಬ್ಬಳು ಕೇಳುತ್ತಾಳೆ, ನೀನು ಇಳಿದ ಮೇಲೆ ಅದು ಅವಳದು. ಬರವಣಿಗೆ ಇಲ್ಲ, ಚೀಟಿ ಇಲ್ಲ. ಅದನ್ನು ಮುರಿದವಳಿಗೆ ಕ್ಷಮೆಯೂ ಇಲ್ಲ, ಆ ಸೀರೆಯವಳು ನನ್ನೊಡನೆ ಆರು ತಿಂಗಳು ಮಾತಾಡಲಿಲ್ಲ.

ಇಷ್ಟೆಲ್ಲ ದಿನಾ ಕಣ್ಣೆದುರು ನಡೆಯುತ್ತಿದ್ದರೂ ನನ್ನ ಮಂಡೆಗೆ ಹೊಳೆಯಲಿಲ್ಲ ನೋಡಿ. ಸರ್ ಗಡುವು ಕೊಟ್ಟ ಮೂರನೆಯ ದಿನವಿರಬೇಕು. ದಿವಾ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಗಣಪತಿ ಕೂರಿಸುವ ಬಣ್ಣದ ಕಾಗದದ ಮಂಟಪವನ್ನೇ ಹೊತ್ತುಕೊಂಡು ಹತ್ತಿದಳು. ಆಳೆತ್ತರದ ಮಂಟಪ, ಅದಕ್ಕೆ ನಾಲ್ಕು ಕಂಬ, ಮೇಲೊಂದು ನವಿಲು. ಇಂಥದ್ದು ಆ ಡಬ್ಬಿಗೆ ಹಿಂದೆ ಬಂದದ್ದನ್ನು ನಾನಂತೂ ನೋಡಿರಲಿಲ್ಲ. ಈಗ ಜಗಳವಾಗುತ್ತದೆ ಎಂದುಕೊಂಡೆ. ಆಕೆ ನವಿಲಿನ ಹಿಂದಿನಿಂದ ಮುಖ ಹೊರಹಾಕಿ ಕೇಳಿದ್ದು ಅದೇ ಪ್ರಶ್ನೆ. ಒಬ್ಬಳು "ಕಳವಾ" ಎಂದಳು. ಸರಿ, ಮುಗಿಯಿತು. ಕಳವಾದಲ್ಲಿ ಅವಳು ಎದ್ದಳು, ಇವಳು ಕೂತಳು, ಮಂಟಪ ತೊಡೆಯ ಮೇಲೆ ಕೂತಿತು. ಬಟಾಣಿ ಸುಲಿಯುವವರು ಬಟಾಣಿ ಸುಲಿಯುತ್ತಲೇ ಇದ್ದರು. ಮಂಟಪ ಹೊತ್ತವಳು ಬಂದರೆ ಹೀಗೆ ಮಾಡಬೇಕೆಂದು ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಪಕ್ಕದಲ್ಲಿದ್ದ ವಸಂತಕ್ಕನ ಕೈ ಹಿಡಿದು ಅಲುಗಾಡಿಸಿ, "ವಸಂತಕ್ಕಾ, ನನ್ನ ಮೀನಿನವ್ಳು ಕೂತ್ಕೋತಾಳೆ!" ಎಂದೆ.

"ಯಾವ ಮೀನಿನವಳು ಮಾರಾಯ್ತಿ? ನಿನಗೆ ಜ್ವರ ಉಂಟಾ?"

ಆವತ್ತೇ ಆಫೀಸಿಗೆ ಹೋಗಿ ಆ ಒಂದೇ ಫೈಲನ್ನು ಒಡೆಯತೊಡಗಿದೆ. ಪ್ರತಿಯೊಬ್ಬ ಪ್ರಯಾಣಿಕಳಿಗೂ ಅವಳದೇ ಒಂದು ಫೈಲು. ಅದರೊಳಗೆ ಅವಳ ಬಟಾಣಿ, ಬುಟ್ಟಿ, ತಾಳ, ಸಿಟ್ಟು ಎಲ್ಲ ಅವಳದೇ, ಬೇರೆಯವರು ಇಣುಕುವಂತಿಲ್ಲ. ಅವಳು ಹೊರಗಿನವರಿಗೆ ಉತ್ತರಿಸಬೇಕಾದದ್ದು ಮೂರೇ ಪ್ರಶ್ನೆ: ಎಲ್ಲಿ ಇಳಿಯುತ್ತೀ, ಎಷ್ಟು ಜಾಗ ಬೇಕು, ಕೇಳಿದರೆ ಸೀಟು ಬಿಡುತ್ತೀಯಾ. ಸೀಟಿಗೆ ಮೀನಿನವಳು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬಾಗಿಲಿಗೆ ಭಜನೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಉತ್ಸಾಹದಲ್ಲಿ ಮೊದಲು ಹದಿನಾಲ್ಕು ಪ್ರಶ್ನೆ ಬರೆದಿದ್ದೆ, ತಲೆಗೆ ಹೂ ಮುಡಿದಿದ್ದೀಯಾ ಎಂಬುದೂ ಅದರಲ್ಲಿತ್ತು. ಕ್ಲಿಪ್ಪಿನವಳಿಗೆ ಅನುಕೂಲವಾಗಲೆಂದು. ವಸಂತಕ್ಕನ ಮಾತು ನೆನಪಾಗಿ ಹನ್ನೊಂದನ್ನು ಹೊಡೆದುಹಾಕಿದೆ. ಆಟ ಆಡುವವರಿಗೂ ತಳ್ಳಾಟದ ಬದಲು ಅದೇ ಮೊದಲ ಪ್ರಶ್ನೆಯನ್ನು ಕೊಟ್ಟೆ. ಕೇಳಿ, ಕಾದು, ಸೀಟು ಪಡೆಯಬೇಕು.

ಇಂಥ ಕೆಲಸದ ಶಾಪವೇನೆಂದರೆ ಅದು ಹೊರಗೆ ಕಾಣುವುದಿಲ್ಲ. ಎರಡು ವಾರ ಆಟ ಇದ್ದಹಾಗೇ ಇತ್ತು.

"ಅಕ್ಕಾರ, ದಿನಾ ಕೀಬೋರ್ಡ್ ಕುಟ್ಟತೀರಿ, ಹೊಸಾದು ಏನೂ ಕಾಣವಲ್ದು. ಸರ್ ಕೇಳಿದ್ರ ನಾ ಏನ್ ಹೇಳ್ಲಿ?" ಎಂದು ಬಸವರಾಜ ಚಡಪಡಿಸಿದ.

"ಪಾಯ ಹಾಕ್ತಿದಾರೆ ಅನ್ನು."

"ಮೂರನೇ ಮಾಳಿಗಿ ಕಟ್ಟಿದಮ್ಯಾಲೆ ಪಾಯಾ ಹಾಕೂದ ಏನ್ರೀ?"

ಅವನು ಹೇಳಿದ್ದು ಸರಿಯೇ ಇತ್ತು. ಸರ್ ಮೇಜಿನ ಪಕ್ಕ ಬಂದು ನಿಂತು, ಕ್ಯಾಲೆಂಡರ್ ನೋಡಿ ಹೋಗುತ್ತಿದ್ದರು. ಲೂಡೋ ತಂಡದವರು ನನಗೊಂದು ಕುರ್ಚಿಯನ್ನು ಆಗಲೇ ಒರೆಸಿಟ್ಟಿದ್ದರು.

ಮೂರನೆಯ ವಾರದ ಬುಧವಾರ ಮಧ್ಯಾಹ್ನ ಮೀನಿನವಳ ಫೈಲು ಬರೆಯಲು ಕೂತೆ. ಮೂರು ಪ್ರಶ್ನೆಗೆ ಉತ್ತರ: ಮುಂಬ್ರಾ, ಎರಡು ಸೀಟು, ಸತ್ತರೂ ಬಿಡುವುದಿಲ್ಲ. ಚಹಾ ಬರುವುದರೊಳಗೆ ಮುಗಿಯಿತು. ಬಸವರಾಜ ಆಟ ತೆರೆದ. ಅವಳು ಹತ್ತಿದಳು, ಕೇಳಿದಳು, ಕೂತಳು. ಕ್ಲಿಪ್ಪಿನವಳು ಎಲ್ಲಿಗೂ ಹೋಗಲಿಲ್ಲ. ಚಹಾ ಕುಡಿದು, ಧೈರ್ಯ ಬಂದು, ಮಂಟಪ ಹೊತ್ತವಳನ್ನೂ ಸೇರಿಸಿದೆ. ಸಂಜೆ ಸರ್ ಹತ್ತು ಸಲ ಆಡಿ, ನವಿಲನ್ನು ನೋಡಿ ನಕ್ಕರು. "ಯೇ ಪೆಹಲೇ ಕ್ಯೂಂ ನಹೀ ಕಿಯಾ?" ಎಂದರು. ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಎಂದು.

ಆಟ ಉಳಿಯಿತು. ವಸಂತಕ್ಕ ಕೆಲಸದಿಂದ ನಿವೃತ್ತರಾಗಿ ಪನ್ವೇಲಿನ ಮಗಳ ಮನೆಗೆ ಹೋದರು, ಈಗಲೂ ಫೋನಿನಲ್ಲಿ ಬೈಯುತ್ತಾರೆ. ನಾನು ಆಟ ಬರೆಯುವವರ ಮೇಲ್ವಿಚಾರಣೆ ಮಾಡುವವಳಾದೆ, ಎಂದರೆ ಮೀಟಿಂಗಿನಲ್ಲಿ ಕೂರುವವಳಾದೆ. ರೈಲಿನ ಆಟವನ್ನು ಎರಡು ವರ್ಷದಿಂದ ತನ್ವಿ ನೋಡಿಕೊಳ್ಳುತ್ತಾಳೆ. ಉಡುಪಿ ಕಡೆಯವರ ಮಗಳು, ಕಲ್ಯಾಣದಲ್ಲಿ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಕೊಟ್ಟ ಮೊದಲ ತಿಂಗಳು ಏನಾದರೂ ಸಂದೇಹ ಕೇಳಲು ಬಂದಾಳೆಂದು ಕಾದಿದ್ದೆ. ಬರಲಿಲ್ಲ. ಸುಳ್ಳು ಯಾಕೆ, ನನಗೆ ಸ್ವಲ್ಪ ಬೇಸರವೇ ಆಗಿತ್ತು.

ಭಾನುವಾರ ಕಪಾಟಿನ ಸಾಮಾನು ನೆಲದ ಮೇಲೇ ಬಿದ್ದಿರಲಿ ಎಂದು ಈಗಿನ ಫೋನಿನಲ್ಲಿ ಆಟದ ಹೊಸ ಆವೃತ್ತಿ ಹಾಕಿಕೊಂಡೆ. ಡೊಂಬಿವಲಿಯಲ್ಲಿ ಹತ್ತಿದೆ. ಕಿಟಕಿಯ ಪಕ್ಕ ಒಬ್ಬ ಹುಡುಗಿ ಕೂತಿದ್ದಳು, ಕಿವಿಗೆ ದೊಡ್ಡ ಹೆಡ್‌ಫೋನು. ನಾನು ಬರೆದವಳಲ್ಲ. ಎಲ್ಲಿ ಇಳಿಯುತ್ತೀ ಎಂದು ಕೇಳಿದೆ. ಅವಳು ಹಾಡಿಗೆ ತಲೆಯಾಡಿಸುತ್ತ ಹೊರಗೆ ನೋಡಿದಳು. ಮತ್ತೆ ಕೇಳಿದೆ. ಊಹೂಂ. ದಿವಾದಲ್ಲಿ ಥಟ್ಟನೆ ಎದ್ದಳು, ಬಟಾಣಿಯವಳು ಸೀಟು ಹೊಡೆದುಕೊಂಡಳು. ಎರಡನೆಯ ಸಲ ಆಡಿದಾಗ ಅವಳು ಏಳಲೇ ಇಲ್ಲ. ಮೂರನೆಯ ಸಲವೂ ನಾನು ಠಾಣೆಯವರೆಗೆ ನಿಂತೇ ಹೋದೆ.

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಹೊಸದಾಗಿ ಸೇರಿದ್ದು ಒಂದೇ ಫೈಲು, ಆ ಹುಡುಗಿಯದು. ನಾನು ಬರೆದವುಗಳಲ್ಲಿ ಒಂದು ಸಾಲನ್ನೂ ತನ್ವಿ ಮುಟ್ಟಿರಲಿಲ್ಲ. ಆ ಫೈಲನ್ನು ತೆರೆದರೆ ಗುಟ್ಟು ತಿಳಿಯುತ್ತಿತ್ತು. ತೆರೆಯಲಿಲ್ಲ, ತನ್ವಿಗೆ ಫೋನು ಮಾಡಿದೆ.

"ಆ ಹೆಡ್‌ಫೋನ್ ಹುಡುಗಿ ಹತ್ರ ಸೀಟು ತಗೊಳ್ಳೋದು ಹೇಗೆ ತನ್ವಿ?"

"ಅಕ್ಕಾ, ವೋ ಮೈ ನಹೀ ಬತಾನೇವಾಲೀ. ಖೇಲ್ ಕೇ ದೇಖೋ ನಾ!"

ನಾನಂತೂ ಹೇಳುವುದಿಲ್ಲ, ಆಡಿಯೇ ನೋಡಿ ಎಂದು ಅವಳು ನಗುತ್ತ ಫೋನಿಟ್ಟಳು. ನಾನು ನೆಲದ ಮೇಲೆ ಗೋಡೆಗೆ ಒರಗಿ ಕೂತು ನಾಲ್ಕನೆಯ ಸಲ ಡೊಂಬಿವಲಿಯಲ್ಲಿ ಹತ್ತಿದೆ. ನಾನಿಲ್ಲದೆಯೂ ಓಡುತ್ತಿದ್ದ ನನ್ನ ರೈಲಿನಲ್ಲಿ ನನಗೇ ಸೀಟು ಸಿಗಲಿಲ್ಲ, ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.