ಹದಿನಾರು ತಾಸಿನ ಎಣ್ಣೆಗಾಯಿ

೧೯೮೭ರಲ್ಲಿ ನಾನು ಏಳನೇ ಇಯತ್ತೆಗೆ ಶಾಲೆ ಅರ್ಧಕ್ಕೆ ಬಿಟ್ಟೆ. ಲೆಕ್ಕದಲ್ಲಿ ಫೇಲಾಗಿ ಬಿಟ್ಟವನಲ್ಲ. ಅಡುಗೆ ಕೆಲಸದ ಅಪ್ಪನಿಗೆ ಜೋಡಿ ಒಬ್ಬರು ಬೇಕಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಾನೂ ನಮ್ಮಾಕಿಯೂ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ನಡೆಸುತ್ತಿದ್ದೆವು. ಅಮೆರಿಕಕ್ಕೆ ಹೋಗುವವರು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ರೊಟ್ಟಿ ತಿಂಗಳು ಇರುತ್ತದೆ. ಎಣ್ಣೆಗಾಯಿ ಹಾಗಲ್ಲ. ಉಳ್ಳಾಗಡ್ಡಿ ಹಾಕಿದರೆ ರುಚಿ ಭಾಳ, ಆದರೆ ಇಪ್ಪತ್ತು ತಾಸು ದಾಟುವುದಿಲ್ಲ. ಉಳ್ಳಾಗಡ್ಡಿ ಬಿಟ್ಟು, ನೀರು ಮುಟ್ಟಿಸದೆ ಬೇಯಿಸಿದರೆ ಎರಡು ದಿನಕ್ಕೆ ಮೋಸವಿಲ್ಲ. ಅದಕ್ಕೇ ಒಲೆ ಹಚ್ಚುವ ಮೊದಲು ಕೇಳುತ್ತಿದ್ದೆ: ಎಷ್ಟು ತಾಸಿನ ದಾರಿ?

ಮೈಸೂರು ಕಡೆಯ ಒಬ್ಬ ಎಂಜಿನಿಯರು ಶಿಕಾಗೋದಲ್ಲಿದ್ದ ತನ್ನ ಮ್ಯಾನೇಜರಿಗೆ ಬುತ್ತಿ ಒಯ್ಯುವವನಿದ್ದ. ನಾನು ಕೇಳಿದ್ದಕ್ಕೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

"ನೋಡ್ರೀ, ಈ ಏರ್‌ಪೋರ್ಟಿಂದ ಆ ಏರ್‌ಪೋರ್ಟಿಗೆ ಹದಿಮೂರು ಸಾವಿರ ಕಿಲೋಮೀಟರ್. ಹದಿನಾರು ಗಂಟೆ. ಈರುಳ್ಳಿ ಧಾರಾಳವಾಗಿ ಹಾಕಿ."

"ನಡುವ ಎಲ್ಲೂ ನಿಲ್ಲೂದಿಲ್ಲೇನ್ರಿ ಸರ?"

"ವಿಮಾನ ಕಣ್ರೀ ಅದು, ಸಿಟಿ ಬಸ್ಸಲ್ಲ!"

ಪಕ್ಕದ ಮೇಜಿನವರೂ ನಕ್ಕರು. ನಾನು ಮತ್ತೆ ಕೇಳದೆ ಉಳ್ಳಾಗಡ್ಡಿ ಹಾಕಿಯೇ ಕಟ್ಟಿಕೊಟ್ಟೆ. ಆ ಸಿಟ್ಟು ಇವತ್ತಿಗೂ ನನ್ನ ಮೇಲೇ ಇದೆ.

ಡಬ್ಬಿ ಮ್ಯಾನೇಜರನ ಮನೆಯಲ್ಲಿ ತೆರೆದಾಗ ನಾತ ಹೊಡೆಯಿತಂತೆ. ಅಲ್ಲಿಂದಲೇ ಎಂಜಿನಿಯರು ಇಲ್ಲಿನ ಕನ್ನಡದವರಿಗೆಲ್ಲ ಮೇಲ್ ಕಳಿಸಿದ: ಈ ಖಾನಾವಳಿಯವನು ಹಳಸಿದ ಪಲ್ಯ ಕಟ್ಟಿದ್ದಾನೆ, ಓದು ಬರಹ ಇಲ್ಲದವನಿಗೆ ಗಂಟೆಯ ಲೆಕ್ಕವೂ ತಿಳಿಯುವುದಿಲ್ಲ. ವಾರದೊಳಗೆ ಬುತ್ತಿ ಕಟ್ಟಿಸುವವರು ಬರುವುದೇ ನಿಂತಿತು. ನಮ್ಮಾಕಿ ರೊಟ್ಟಿ ಬಡಿಯುವ ಕಲ್ಲು ಒರೆಸಿ ಒರೆಸಿ ಇಡುತ್ತಿದ್ದಳು.

ಅವನು ವಾಪಸು ಬಂದ ಭಾನುವಾರ ಬೆಳಿಗ್ಗೆ ಅವನ ಫ್ಲ್ಯಾಟಿಗೇ ಹೋದೆ. "ಟಿಕೆಟ್ ತಗೀರಿ ಸರ" ಅಂದೆ. ಅವನ ಹೆಂಡತಿ ತಂದುಕೊಟ್ಟರು. ಒಂದೊಂದೇ ಕೇಳುತ್ತಾ ಬೆರಳು ಮಡಚಿದೆ. ಮನೆ ಬಿಟ್ಟು ವಿಮಾನ ಏಳುವತನಕ ನಾಲ್ಕು ತಾಸು. ಲಂಡನ್ನಿಗೆ ಹತ್ತು. ಅಲ್ಲಿ ಕಾದದ್ದು ಏಳು. ಅಲ್ಲಿಂದ ಒಂಬತ್ತು. ಇಳಿದು, ಸಾಲಿನಲ್ಲಿ ನಿಂತು, ಮ್ಯಾನೇಜರನ ಮನೆ ಮುಟ್ಟಲು ಎರಡು.

"ಮೂವತ್ತೆರಡು ಆತ್ರಿ. ತಪ್ಪಿದ್ರ ಹೇಳ್ರಿ."

"ಏರ್‌ಪೋರ್ಟಿಂದ ಏರ್‌ಪೋರ್ಟಿಗೆ ನೇರ ಹೋದರೆ ಹದಿನಾರೇ ರೀ..."

"ನೇರ ಹೋದವ್ರು ಯಾರ್ರಿ? ಬದನಿಕಾಯಿ ನಿಮ್ ಜೋಡಿನ ಲಂಡನ್ನಾಗ ಏಳ್ ತಾಸು ಕುಂತಿತ್ತಲ್ರಿ!"

ಅವನ ಹೆಂಡತಿಗೆ ನಗು ತಡೆಯಲಿಲ್ಲ. "ಅವರು ಹೇಳ್ತಿರೋದು ಸರಿ ಇದೆ. ತಪ್ಪು ನಂದು ಅಂತ ಎಲ್ಲರಿಗೂ ಬರೆದು ಕಳಿಸಿ" ಅಂದರು.

"ನೋಡೋಣ" ಅಂದ ಆ ದೊಡ್ಡ ಮನುಷ್ಯ. ಹಳಸಿದೆ ಎಂದು ಬರೆಯಲು ಅವನಿಗೆ ಒಂದು ದಿನವೂ ಬೇಕಾಗಿರಲಿಲ್ಲ.

ನಾನು ಕಾಯಲಿಲ್ಲ. ಮರುದಿನವೇ ಗೋಡೆಗೆ ಹಲಗೆ ಹೊಡೆದೆ: 'ನಿಮ್ಮ ಮನಿ ಬಾಗಿಲದಿಂದ ಅವರ ಮನಿ ಬಾಗಿಲತನಕ ತಾಸು ಹೇಳ್ರಿ. ಏರ್‌ಪೋರ್ಟ್ ಲೆಕ್ಕ ಬ್ಯಾಡ.' ಮೊದಮೊದಲು ಓದಿ ನಕ್ಕರು. ಆಮೇಲೆ ಕೂತು, ಬೆರಳು ಮಡಚಿ ಹೇಳತೊಡಗಿದರು. ಬುತ್ತಿ ಮತ್ತೆ ಹೋಗತೊಡಗಿತು. ಒಂದೂ ಕೆಟ್ಟಿತೆಂಬ ಸುದ್ದಿ ಬರಲಿಲ್ಲ.

ಈಗ ನನ್ನ ಹತ್ತಿರ ಇರುವುದು: ನಾಲ್ಕು ಒಲೆ, ಹನ್ನೆರಡು ಮೇಜು, ರೊಟ್ಟಿ ಬಡಿಯುವ ಐದು ಜನ ಹೆಣ್ಣುಮಕ್ಕಳು, ಗೋಡೆಯ ಮೇಲೆ ಆ ಒಂದು ಹಲಗೆ. ಅವನು ಬರೆಯಬೇಕಿದ್ದ ಮೇಲ್, ಒಂದೂ ಇಲ್ಲ.