ತೂಕದ ಮಾವನ ಎಡಗೈ

ತೂಕದ ಮಾವನ ಬಲಗೈ ಬೆರಳುಗಳು ಸುಮ್ಮನೆ ಕೂತಾಗಲೂ ಒಳಕ್ಕೆ ಬಾಗಿಯೇ ಇರುತ್ತಿದ್ದವು. ಮೂಟೆಯ ಕಿವಿ ಹಿಡಿದು ಹಿಡಿದು ಹಾಗಾಗಿದ್ದವು. ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯವರು, ರಕ್ತಸಂಬಂಧವೇನೂ ಇರಲಿಲ್ಲ. ಈರುಳ್ಳಿ ಗೋದಾಮಿನಲ್ಲಿ ತೂಕ ಮಾಡುವ ಕೆಲಸ ಅವರದು. ಶಿವನಿ ಕಡೆಯಿಂದ ಗಾಡಿ ಬಂದರೆ ಮೂಟೆಯನ್ನು ನೆಲದಿಂದ ಒಂದು ಗೇಣು ಎತ್ತಿ, "ಐವತ್ತೆರಡು" ಅನ್ನುತ್ತಿದ್ದರು. ತೂಕದ ಮಿಷನ್ ಆಮೇಲೆ ಒಪ್ಪಿಕೊಳ್ಳುತ್ತಿತ್ತು.

ಮೇಷ್ಟ್ರಾಗಿದ್ದ ನನಗೆ ದೂರದ ಅಗರ್ತಲಾದ ಕೇಂದ್ರ ಸರ್ಕಾರಿ ಶಾಲೆಗೆ ವರ್ಗವಾದ ಮೇಲೆ ವರ್ಷಕ್ಕೆರಡು ಸಲ ವಿಮಾನದಲ್ಲಿ ಓಡಾಡುವುದು ಶುರುವಾಯಿತು. ಕೈಯಲ್ಲಿ ಒಯ್ಯುವ ಬ್ಯಾಗು ಏಳು ಕೆಜಿ ಮೀರಬಾರದೆಂದು ಒಮ್ಮೆ ಅವರೆದುರು ಹೇಳಿದೆ. ಅಂದಿನಿಂದ ನನ್ನ ಬ್ಯಾಗು ನನ್ನದಾಗಿ ಉಳಿಯಲಿಲ್ಲ.

ಹೊರಡುವ ದಿನ ಬಂದು ಜಗಲಿಯ ಮೇಲೆ ಎಲ್ಲವನ್ನೂ ಸುರಿಸುತ್ತಿದ್ದರು. ಭಾರದ್ದು ಚಕ್ರದ ಕಡೆಗೆ, ಕಾಲುಚೀಲ ಶೂ ಒಳಗೆ, ನಾನು ಅತ್ತೆ ಅನ್ನುತ್ತಿದ್ದ ಅವರ ಹೆಂಡತಿ ಬೀಸಿಸಿ ಕೊಟ್ಟ ರಾಗಿಹಿಟ್ಟು ನಡುವೆ. ಹಿಟ್ಟನ್ನು ದೊಡ್ಡ ಸೂಟ್‌ಕೇಸಿಗೆ ಹಾಕಲು ಬಿಡುತ್ತಿರಲಿಲ್ಲ. "ಅದನ್ನ ಎತ್ತಿ ಎಸೀತಾರೆ ಕಣೋ. ಪೊಟ್ಟಣ ಒಡ್ಕಂಡ್ರೆ ಅಲ್ಲಿ ಮುದ್ದೆಗೆ ಏನ್ಮಾಡ್ತೀಯ?"

ಮೊದಲ ಸಲ ಎರಡು ಗಿಟುಕು ಕೊಬ್ಬರಿಯನ್ನೂ ತುರುಕಿದ್ದರು. ತಪಾಸಣೆಯವರು ತೆಗೆದಿಟ್ಟುಕೊಂಡರು.

"ಕೊಬ್ರಿ ಏನ್ ಪಟಾಕಿಯಾ?" ಎಂದು ಮಾವ ಫೋನಿನಲ್ಲಿ ಕೇಳಿದರು.

"ಎಣ್ಣೆ ಇರುತ್ತಲ್ಲ ಮಾವ, ಬೇಗ ಬೆಂಕಿ ಹತ್ತುತ್ತಂತೆ."

"ಹೋಮಕ್ಕೆ ಹಾಕಿದ್ರೆ ಧಗ್ ಅನ್ನುತ್ತೆ. ಅವ್ರು ಹೇಳೋದೂ ಸರಿನೇ ಬಿಡು." ಮುಂದಿನ ರಜೆಯ ಹೊತ್ತಿಗೆ, ಜನ್ಮದಲ್ಲಿ ವಿಮಾನ ಹತ್ತದ ಈ ಮನುಷ್ಯ ಬೀದಿಯವರಿಗೆಲ್ಲ ವಿಮಾನದ ನಿಯಮ ಹೇಳಿಕೊಡುತ್ತಿದ್ದರು.

ಕೊನೆಗೆ ಜಿಪ್ಪೆಳೆದು, ಬ್ಯಾಗನ್ನು ಎತ್ತಿ ಹಿಡಿದು, ಕಣ್ಣು ಮುಚ್ಚುತ್ತಿದ್ದರು. "ಆರೂಮುಕ್ಕಾಲು. ಹೋಗ್ ಬಾ." ನಾನು ವಿಮಾನ ನಿಲ್ದಾಣ ಮುಟ್ಟುವ ಹೊತ್ತಿಗೆ ಸರಿಯಾಗಿ ಫೋನು: "ಎಷ್ಟು ಬಂತು?" ಅಷ್ಟೇ ಬಂದಿರುತ್ತಿತ್ತು. ಒಂದು ಸಲ ನೂರು ಗ್ರಾಂ ಹೆಚ್ಚಾಗಿತ್ತು ಅಂದದ್ದಕ್ಕೆ, ಯಾವುದರಿಂದ ಹೆಚ್ಚಾಯಿತೆಂದು ಮೂರು ಸಲ ಫೋನು ಮಾಡಿ ವಿಚಾರಿಸಿದರು.

ಮೂರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಉಳಿದಿತ್ತು, ಬಲಗೈ ಹೋಗಿತ್ತು. ಗೋದಾಮಿನ ಕೆಲಸವೂ ಹೋಯಿತು. ನಾನು ಹೊರಡುವ ದಿನ ಮಾತ್ರ ಗೋಡೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಹಿಟ್ಟಿನ ಪೊಟ್ಟಣದ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಗಂಟು ಹಾಕಿದರು. ನಾನು ಕೈ ಚಾಚಿದರೆ ಗದರಿದರು. ಆಮೇಲೆ ಎಡಗೈಯಲ್ಲೇ ಬ್ಯಾಗನ್ನು ಎತ್ತಿ, ಕಣ್ಣು ಮುಚ್ಚಿ, ತುಂಬ ಹೊತ್ತು ನಿಂತರು.

"ಆರೂಮುಕ್ಕಾಲು" ಎಂದರು.

ಎತ್ತಿಕೊಂಡ ಕೂಡಲೇ ನನಗೆ ಗೊತ್ತಾಯಿತು, ಅದಕ್ಕಿಂತ ಬಹಳ ಹೆಚ್ಚಿದೆ ಎಂದು. ಹೇಳದೆ ಹಾಗೇ ಎಳೆದುಕೊಂಡು ಹೊರಟೆ. ಕೌಂಟರಿನಲ್ಲಿ ಎಂಟೂವರೆ ತೋರಿಸಿತು. ದೊಡ್ಡ ಸೂಟ್‌ಕೇಸು ಆಗಲೇ ಒಳಗೆ ಹೋಗಿತ್ತು. ಸ್ವೆಟರು ತೊಟ್ಟುಕೊಂಡೆ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೆ, ಸಾಲಲಿಲ್ಲ. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಹಿಟ್ಟಿನ ಪೊಟ್ಟಣವನ್ನು ತೆಗೆದು ಕಸದ ಡಬ್ಬಿಯ ಪಕ್ಕದಲ್ಲಿಟ್ಟೆ. ಒಳಗೆ ಹಾಕಲು ಮನಸ್ಸಾಗಲಿಲ್ಲ. ಅವರು ಕಚ್ಚಿದ ದಾರ ಇನ್ನೂ ಒದ್ದೆಯಾಗಿದೆಯೇನೋ ಅನ್ನಿಸಿತು. ಅಷ್ಟರಲ್ಲಿ ಫೋನು ಬಂತು.

"ಎಷ್ಟು ಬಂತು?"

"ನೀವು ಹೇಳಿದಷ್ಟೇ ಮಾವ."

ಆ ಕಡೆ ಅವರು ಅತ್ತೆಗೆ ಹೇಳುವುದು ಕೇಳಿಸಿತು: "ಎಡಗೈನೂ ಕಲ್ತ್ಕಂತು ಕಣೇ."

ಒಳ್ಳೆಯ ಕೆಲಸ ಮಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲಿನದನ್ನು ಅತ್ತೆ ಹೇಳಿದರು. ಮರುದಿನವೇ ಮಾವ ಒಗೆದ ಅಂಗಿ ಹಾಕಿಕೊಂಡು ಗೋದಾಮಿಗೆ ಹೋಗಿ, ಎಡಗೈ ಪಳಗಿದೆ, ಕೆಲಸಕ್ಕೆ ಬರುತ್ತೇನೆ ಎಂದರಂತೆ. ಮಾಲೀಕರು ಮೂರು ಸಣ್ಣ ಚೀಲ ಇಡಿಸಿದರಂತೆ. ಮೂರೂ ತಪ್ಪಾದವು. ಅಲ್ಲಿ ಯಾರೂ ನಗಲಿಲ್ಲವಂತೆ, ಅದನ್ನೇ ಅವರಿಂದ ತಡೆದುಕೊಳ್ಳಲಾಗಲಿಲ್ಲ. ಯಾರೋ ಆಟೋದಲ್ಲಿ ಕೂರಿಸಿ ಮನೆಗೆ ಕಳಿಸಿದರು.

ಮುಂದಿನ ರಜೆಯಲ್ಲಿ ನಾನು ಹೊರಟಾಗ ಅವರು ಬ್ಯಾಗನ್ನು ಮುಟ್ಟಲಿಲ್ಲ.

"ಅವತ್ತು ನಿಜವಾಗ್ಲೂ ಎಷ್ಟು ಬಂದಿತ್ತು?"

"ಎಂಟೂವರೆ."

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಬೈದಿದ್ದರೆ ಚೆನ್ನಾಗಿತ್ತು. "ಅವತ್ತೇ ಹೇಳಿದ್ರೆ ಕೈಗೆ ಗೊತ್ತಾಗ್ತಿತ್ತು ಕಣಪ್ಪ. ಎಷ್ಟು ತಪ್ಪಿದೆ ಅಂತ ಗೊತ್ತಾದ್ರೆ ತಾನೇ ಕೈ ಕಲಿಯೋದು? ಬಲಗೈನೂ ಹಂಗೇ ಕಲ್ತಿದ್ದು" ಎಂದರು.

ಶಾಲೆಯ ಮಕ್ಕಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆಯುವ ಮೇಷ್ಟ್ರು ನಾನು. ಬ್ಯಾಗನ್ನು ನಾನೇ ಎತ್ತಿಕೊಂಡು ಹೊರಟೆ.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು, ವಿಮಾನದಲ್ಲಿ ಸೀಟು ಸಿಗಲಿಲ್ಲ. ನಾನು ಊರು ಮುಟ್ಟುವಷ್ಟರಲ್ಲಿ ಮೂರನೇ ದಿನದ ಹಾಲುತುಪ್ಪವೂ ಮುಗಿದಿತ್ತು.

ಈಗ ಹೊರಡುವ ಮುಂಚೆ ಬ್ಯಾಗನ್ನು ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ತೂಕ ಹೇಳುತ್ತೇನೆ. ಮೊನ್ನೆ ಆರೂಮುಕ್ಕಾಲು ಅಂದೆ. ಕೌಂಟರಿನಲ್ಲಿ ಏಳೂಕಾಲು ಬಂತು. ಅರ್ಧ ಕೆಜಿ ತಪ್ಪು. ಫೋನು ಕೈಗೆ ತೆಗೆದುಕೊಂಡೆ. ನಿಜ ಹೇಳಲು ತಯಾರಿದ್ದೆ. ಎಷ್ಟು ಬಂತು ಎಂದು ಕೇಳುವವರಿರಲಿಲ್ಲ.